ಹಿಮ ಬೀಳುವ ತನಕ ತಾಲೀಮು: ಹುಬ್ಬಳ್ಳಿ–ಧಾರವಾಡದ ಕ್ರಾಸ್ ಕಂಟ್ರಿ ಸ್ಕೀಯರರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಲ್ಮಾರ್ಗ್‌ಗೋ ಔಲಿಗೋ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ (ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿ, ಎರಡು ಕೈಯಲ್ಲಿ ಕೋಲು ಊರುತ್ತ ಹಿಮದ ಮೇಲೆ ಸಾಗುವ ಆಟ) ಕಲಿತು ಬಂದವರು, ಮುಂದಿನ ಚಳಿಗಾಲಕ್ಕೆ ಹೊರಡಬೇಕೆಂದು ಮನಸ್ಸು ಮಾಡಿದವರು ನಮ್ಮ ಅವಳಿ ನಗರದಲ್ಲಿ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರು, ಅವರ ಮನೆಯವರು ಮತ್ತು ಬೆಳಗಿನ ವಾಯುವಿಹಾರದಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಹಿರಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಉತ್ತರಗಳನ್ನು ಇಲ್ಲಿನ ರಸ್ತೆ, ಮಳೆ, ಬಿಸಿಲು ಮತ್ತು ಜೇಬನ್ನು ನೋಡಿಕೊಂಡು ಬರೆದಿದ್ದೇವೆ.

ಧಾರವಾಡದಲ್ಲಿ ಆಲಿಕಲ್ಲು ಬಿದ್ದರೆ ಅದೇ ದೊಡ್ಡ ಸುದ್ದಿ. ಇಲ್ಲಿದ್ದುಕೊಂಡು ಸ್ಕೀಯಿಂಗ್‌ಗೆ ತಯಾರಿ ಸಾಧ್ಯವೇ?

ಸಾಧ್ಯ. ನಾರ್ವೆ, ಸ್ವೀಡನ್‌ಗಳಲ್ಲಿಯೂ ಬೇಸಿಗೆಯಲ್ಲಿ ಊರೊಳಗೆ ಹಿಮ ಇರುವುದಿಲ್ಲ. ಅಲ್ಲಿನ ಸ್ಕೀಯರರ ತಾಲೀಮಿನ ವರ್ಷ ಆರಂಭವಾಗುವುದೇ ಮೇ ತಿಂಗಳಲ್ಲಿ. ಅಕ್ಟೋಬರ್ ಮುಗಿಯುವವರೆಗೂ ಅವರು ಹೆಚ್ಚಾಗಿ ಓಡುತ್ತಾರೆ, ಗಾಲಿ ಕಟ್ಟಿದ ರೋಲರ್ ಸ್ಕೀ ಮೇಲೆ ರಸ್ತೆಯಲ್ಲಿ ಸಾಗುತ್ತಾರೆ, ಕೋಲು ಹಿಡಿದು ಗುಡ್ಡ ಹತ್ತುತ್ತಾರೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 15 ಪದಕ ಗೆದ್ದ ನಾರ್ವೆಯ ಮಾರಿಟ್ ಬ್ಯೋರ್ಗೆನ್ ತಮ್ಮ ಉತ್ತುಂಗದ ವರ್ಷಗಳಲ್ಲಿ ವರ್ಷಕ್ಕೆ 900 ಗಂಟೆಗೂ ಹೆಚ್ಚು ತಾಲೀಮು ಮಾಡಿದ್ದರು. ಅದರಲ್ಲಿ ಬಹುಪಾಲು ನಿಧಾನಗತಿಯ ಶ್ರಮ. ಆ ಬಗೆಯ ಶ್ರಮಕ್ಕೆ ಹಿಮವೇ ಬೇಕೆಂದಿಲ್ಲ.

ಇಲ್ಲಿ ಸಿಗದೇ ಇರುವುದು ಒಂದೇ: ಜಾರಿಕೆ. ಒಂದು ಸ್ಕೀ ಮೇಲೆ ಇಡೀ ದೇಹದ ಭಾರ ಹಾಕಿ, ಅದು ತಾನಾಗಿ ನಿಲ್ಲುವವರೆಗೆ ಅಲುಗಾಡದೆ ಹೋಗುವ ಕಲೆ ಹಿಮದ ಮೇಲೆಯೇ ಬರಬೇಕು. ಅದಕ್ಕೆ ಬದಲಿ ಇಲ್ಲ. ಹಾಗಾಗಿ ನಾವು ಎಲ್ಲರಿಗೂ ಹೇಳುವುದು ಇಷ್ಟೇ: ಉಸಿರು, ಕಾಲು, ತೋಳು, ಸಮತೋಲನಗಳನ್ನು ಇಲ್ಲಿಯೇ ಅಗ್ಗದಲ್ಲಿ ಗಳಿಸಿಕೊಳ್ಳಿ. ದುಡ್ಡನ್ನು ಸಲಕರಣೆಗೆ ಸುರಿಯದೆ ಹಿಮದ ಮೇಲಿನ ದಿನಗಳಿಗೆ ಉಳಿಸಿ.

ಇದು ಬೆಟ್ಟದ ತುದಿಯಿಂದ ಕೆಳಗೆ ಜಾರುವ ಆಟವಲ್ಲವೇ? ಅದಕ್ಕೆ ಇಷ್ಟೊಂದು ಓಟ ಏಕೆ?

ನೀವು ಹೇಳುತ್ತಿರುವುದು ಆಲ್ಪೈನ್ ಸ್ಕೀಯಿಂಗ್. ಅಲ್ಲಿ ಹಗ್ಗದ ಗಾಡಿ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಮೇಲಕ್ಕೆ ಒಯ್ಯುವುದು ನಿಮ್ಮದೇ ಕಾಲು. ಬೂಟಿನ ಮುಂತುದಿ ಮಾತ್ರ ಸ್ಕೀಗೆ ಅಂಟಿರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ಸ್ಪರ್ಧೆಯ ಹಾದಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಏರು, ಒಂದು ಭಾಗ ಇಳಿಜಾರು, ಉಳಿದದ್ದು ಏರಿಳಿತದ ನೆಲ. ಆದರೆ ಸಮಯದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಏರಿನಲ್ಲಿಯೇ ಕಳೆಯುತ್ತದೆ. ಗೆಲುವು ಸೋಲು ತೀರ್ಮಾನವಾಗುವುದೂ ಹೆಚ್ಚಾಗಿ ಅಲ್ಲಿಯೇ.

ಶೈಲಿ ಎರಡು. ಹಿಮದಲ್ಲಿ ಕೊರೆದ ಜೋಡಿ ಗೆರೆಯೊಳಗೆ ಎರಡೂ ಸ್ಕೀ ನೇರವಾಗಿ ಹೋಗುವುದು ಕ್ಲಾಸಿಕ್. ಸ್ಕೇಟಿಂಗ್ ಮಾಡುವವರಂತೆ ಕಾಲನ್ನು ಓರೆಯಾಗಿ ತಳ್ಳುತ್ತ ಹೋಗುವುದು ಸ್ಕೇಟ್ ಶೈಲಿ. ಎರಡನೆಯದು 1980ರ ದಶಕದಲ್ಲಿ ಸ್ಪರ್ಧೆಗಳಲ್ಲಿ ಬೇರೂರಿತು. ಹೊಸಬರು ಕ್ಲಾಸಿಕ್‌ನಿಂದ ಆರಂಭಿಸುವುದು ಒಳ್ಳೆಯದು.

ಕರ್ನಾಟಕದವರು ಯಾರಾದರೂ ಈ ಆಟದಲ್ಲಿ ಮುಂದೆ ಬಂದಿದ್ದಾರೆಯೇ?

ಬಂದಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ವಿಭಾಗದ ಕಂಚು ಗೆದ್ದರು. ಕೊಡಗಿನಲ್ಲಿಯೂ ಹಿಮ ಬೀಳುವುದಿಲ್ಲ ಎಂಬುದನ್ನು ಗಮನಿಸಿ. ಒಲಿಂಪಿಕ್ಸ್‌ನ ಮಾತಿಗೆ ಬಂದರೆ 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್ ಭಾರತದ ಪರವಾಗಿ ಕ್ರಾಸ್ ಕಂಟ್ರಿಯಲ್ಲಿ ಸ್ಪರ್ಧಿಸಿದ್ದಾರೆ.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ವರ್ಷವನ್ನು ಹೇಗೆ ಹಂಚಿಕೊಳ್ಳುವುದು?

ನೌಕರಿ, ಕಾಲೇಜು ಇರುವವರಿಗೆ ವಾರಕ್ಕೆ ಐದಾರು ಗಂಟೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಅದು ತಪ್ಪದಿರುವುದು. ಮೇಯಿಂದ ಆಗಸ್ಟ್‌ವರೆಗೆ ಉದ್ದ ನಡಿಗೆ, ನಿಧಾನ ಓಟ, ಮೈಕಟ್ಟಿನ ಕೆಲಸ. ಸೆಪ್ಟೆಂಬರ್‌ನಿಂದ ಏರಿನ ಕೆಲಸ ಹೆಚ್ಚಲಿ, ವಾರಕ್ಕೊಂದು ಗಟ್ಟಿ ತಾಲೀಮು ಸೇರಲಿ. ದಸರಾ, ದೀಪಾವಳಿಯ ನಡುವಿನ ಹವೆ ನಮ್ಮಲ್ಲಿ ವರ್ಷದಲ್ಲೇ ಉತ್ತಮ. ಆಗ ಊರಿಗೆ ಹೋದೆ, ನೆಂಟರು ಬಂದರು ಎಂದು ಮೂರು ವಾರ ಕಳೆದುಬಿಡುವವರೇ ಹೆಚ್ಚು. ಡಿಸೆಂಬರ್‌ನಲ್ಲಿ ಹೊಸದೇನನ್ನೂ ಹಚ್ಚಿಕೊಳ್ಳಬೇಡಿ. ಇದ್ದದ್ದನ್ನು ಉಳಿಸಿಕೊಂಡು ಜನವರಿ, ಫೆಬ್ರವರಿಗೆ ಹಿಮದ ಕಡೆ ಹೊರಡಿ.

ಗಟ್ಟಿ ತಾಲೀಮು ಎಂದರೆ ಉದಾಹರಣೆಗೆ ಇದು: ಏರಿನಲ್ಲಿ ನಾಲ್ಕು ನಿಮಿಷ ಜೋರಾಗಿ, ಮೂರು ನಿಮಿಷ ಹಗುರವಾಗಿ, ಹೀಗೆ ನಾಲ್ಕು ಸುತ್ತು. ಮೊದಲ ಸುತ್ತಿಗೇ ಎಲ್ಲವನ್ನೂ ಸುರಿದರೆ ನಾಲ್ಕನೆಯದು ನಡಿಗೆಯಾಗುತ್ತದೆ. ನಾಲ್ಕೂ ಸುತ್ತಿನಲ್ಲಿ ಒಂದೇ ಕಂಬದವರೆಗೆ ತಲುಪಿದರೆ ಸರಿಯಾಗಿ ಮಾಡಿದಿರಿ ಎಂದು ಅರ್ಥ.

ನಿಧಾನ, ನಿಧಾನ ಎನ್ನುತ್ತೀರಿ. ಎಷ್ಟು ನಿಧಾನ?

ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುವಷ್ಟು ನಿಧಾನ. ನಾರ್ವೆಯವರು ಶ್ರಮವನ್ನು ಐದು ಹಂತಗಳಾಗಿ ವಿಂಗಡಿಸುತ್ತಾರೆ. ಹೃದಯ ಬಡಿತದ ಗರಿಷ್ಠ ಮಿತಿಯ ಶೇ 60ರಿಂದ 72 ಮೊದಲ ಹಂತ, 72ರಿಂದ 82 ಎರಡನೆಯದು, 82ರಿಂದ 87 ಮೂರನೆಯದು. ಅದರ ಮೇಲಿನ ಎರಡು ಹಂತಗಳು ಏದುಸಿರಿನವು. ನಿಮ್ಮ ಗರಿಷ್ಠ ಬಡಿತ 180 ಎಂದಿಟ್ಟುಕೊಂಡರೆ ಮೊದಲ ಹಂತ 108ರಿಂದ 130ರವರೆಗೆ. ವಾರದ ಹೆಚ್ಚಿನ ಹೊತ್ತು ಅಲ್ಲಿಯೇ ಕಳೆಯಬೇಕು.

ನಮ್ಮವರ ದೊಡ್ಡ ತೊಂದರೆ ಇಲ್ಲೇ ಇದೆ. ಬೆವರು ಹರಿಯದಿದ್ದರೆ, ತೊಡೆ ನೋಯದಿದ್ದರೆ ವ್ಯಾಯಾಮವೇ ಆಗಲಿಲ್ಲ ಎಂಬ ನಂಬಿಕೆ. ದಿನವೂ ಮಧ್ಯಮ ಜೋರಿನಲ್ಲಿ ಓಡಿ, ಒಂದು ದಿನವೂ ನಿಜವಾಗಿ ಹಗುರವಿಲ್ಲದೆ, ನಿಜವಾಗಿ ಗಟ್ಟಿಯೂ ಇಲ್ಲದೆ ತಿಂಗಳು ಕಳೆಯುತ್ತಾರೆ. ಏರು ಬಂದಾಗ ಬಡಿತ ಮೇಲೆ ಹೋದರೆ ನಾಚಿಕೆಪಡದೆ ನಡೆಯಿರಿ. ದೊಡ್ಡ ದೊಡ್ಡ ಸ್ಕೀಯರರೇ ನಡೆಯುತ್ತಾರೆ.

ಹುಬ್ಬಳ್ಳಿ–ಧಾರವಾಡದಲ್ಲಿ ಎಲ್ಲಿ ತಾಲೀಮು ಮಾಡುವುದು?

ಹುಬ್ಬಳ್ಳಿಯಲ್ಲಿ ಏರಿಗೆ ನೃಪತುಂಗ ಬೆಟ್ಟ, ಸಮತಟ್ಟಿಗೆ ಉಣಕಲ್ ಕೆರೆ ಮತ್ತು ತೋಳನಕೆರೆಯ ದಂಡೆ. ಧಾರವಾಡದವರು ಪುಣ್ಯವಂತರು. ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಗುಡ್ಡದ ಮೇಲಿದೆ. ಅದರ ಏರಿಳಿತದ ರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಸ್ಕೀ ಹಾದಿಗೆ ಬಹಳ ಹತ್ತಿರದ ಅನುಭವ ಸಿಗುತ್ತದೆ: ಎರಡು ನಿಮಿಷ ಏರು, ಒಂದು ನಿಮಿಷ ಇಳುಕಲು, ಮತ್ತೆ ಏರು. ಮಣ್ಣಿನ ಹಾದಿ ಬೇಕಾದವರು ಕೆಲಗೇರಿ ಕೆರೆಯ ಕಡೆಗೆ ಹೋಗಬಹುದು. ವೇಗ ಅಳೆಯಬೇಕಾದರೆ ಆರ್.ಎನ್. ಶೆಟ್ಟಿ ಕ್ರೀಡಾಂಗಣವಿದೆ.

ಗದಗಿನವರು ಕಪ್ಪತಗುಡ್ಡದ ಕಡೆ ಕಣ್ಣು ಹಾಕುವುದು ಸಹಜ. ಅಂಥ ಉದ್ದನೆಯ ಏರು ಈ ಭಾಗದಲ್ಲಿ ಇನ್ನೊಂದಿಲ್ಲ. ಆದರೆ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯನ್ನು ಕೇಳಿ, ಬಿಟ್ಟ ಹಾದಿಯಲ್ಲಿ ಮಾತ್ರ, ಹಗಲು ಹೊತ್ತಿನಲ್ಲಿ ಹೋಗಿ.

ಕೋಲು ಎಲ್ಲಿ ಸಿಗುತ್ತದೆ? ಎಷ್ಟು ಉದ್ದ ಇರಬೇಕು?

ಮೊದಲು ಉದ್ದದ ಲೆಕ್ಕ. ಕ್ಲಾಸಿಕ್ ಶೈಲಿಯ ಸ್ಪರ್ಧೆಯಲ್ಲಿ ಕೋಲಿನ ಉದ್ದ ಬೂಟು ಹಾಕಿ ಅಳೆದ ನಿಮ್ಮ ಎತ್ತರದ ಶೇ 83ರಷ್ಟನ್ನು ಮೀರುವಂತಿಲ್ಲ. 165 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 137. ಸ್ಕೇಟ್ ಶೈಲಿಗೆ ಶೇ 90ರ ಆಸುಪಾಸು, ಅಂದರೆ 148ರಷ್ಟು. ಒಣನೆಲದಲ್ಲಿ ಏರು ಹತ್ತುವುದಕ್ಕೆ ಇಷ್ಟುದ್ದ ಬೇಡ. ಕಾಲಡಿಯಲ್ಲಿ ಸ್ಕೀ ಇಲ್ಲ, ನೆಲ ಎದುರಿಗೇ ಏರಿ ಬರುತ್ತದೆ, ಕೋಲು ಉದ್ದವಾದರೆ ಭುಜ ಮೇಲೆದ್ದು ಕತ್ತು ಹಿಡಿಯುತ್ತದೆ. ಕ್ಲಾಸಿಕ್ ಅಳತೆಗಿಂತ ಹತ್ತು ಸೆಂಟಿಮೀಟರ್ ಕಡಿಮೆ ಇಟ್ಟುಕೊಳ್ಳಿ.

ಇನ್ನು ಎಲ್ಲಿ ಸಿಗುತ್ತದೆ ಎಂಬುದು. ಚಾರಣದ ಅಂಗಡಿಗಳಲ್ಲಿ ಮಡಚುವ ಕೋಲು ಸಿಗುತ್ತವೆ. ನಡಿಗೆಗೆ ಸರಿ, ಜಿಗಿತಕ್ಕೆ ಅವುಗಳ ಕೀಲು ಸಡಿಲವಾಗುತ್ತದೆ. ನಮ್ಮ ಸಲಹೆ ಬಿದಿರು. ಕಾರ್ಬನ್ ಕೋಲು ಬರುವ ಮುನ್ನ ಯುರೋಪಿನ ಸ್ಕೀಯರರೇ ದಶಕಗಳ ಕಾಲ ಬಿದಿರಿನ ಕೋಲು ಹಿಡಿದಿದ್ದರು. ಹುಬ್ಬಳ್ಳಿಯ ಮೇದಾರ ಓಣಿಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಒಳಗೆ ಟೊಳ್ಳು ಕಡಿಮೆ ಇರುವ ಎರಡು ಗಳುಗಳನ್ನು ಆರಿಸಿ. ಎರಡನ್ನೂ ಒಂದೊಂದು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ತೂಗಿ ನೋಡಿ. ಒಂದು ಭಾರ, ಇನ್ನೊಂದು ಹಗುರ ಆದರೆ ಬೇಡ. ಗೆಣ್ಣುಗಳನ್ನು ತರಿಸಿ ನಯ ಮಾಡಿಸಿ, ಇಲ್ಲದಿದ್ದರೆ ಅಂಗೈ ಗೀರುತ್ತದೆ. ತುದಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಊರುಗೋಲಿನ ರಬ್ಬರ್ ಬುಷ್ ತೊಡಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಣಿಕಟ್ಟಿನ ಪಟ್ಟಿ. ಮಂಚಕ್ಕೆ ಹೆಣೆಯುವ ನವಾರದ ಒಂದು ತುಂಡನ್ನು ಕುಣಿಕೆ ಮಾಡಿ ಕೋಲಿನ ತಲೆಯ ಹತ್ತಿರ ಬಿಗಿಯಾಗಿ ಕಟ್ಟಿ. ಕೈಯನ್ನು ಕುಣಿಕೆಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಪಟ್ಟಿಯನ್ನೂ ಕೋಲನ್ನೂ ಸೇರಿಸಿ ಹಿಡಿಯಬೇಕು. ತಳ್ಳುವ ಬಲ ಹೋಗುವುದು ಈ ಪಟ್ಟಿಯ ಮೂಲಕ. ಕೈ ಸೊಂಟ ದಾಟಿ ಹಿಂದೆ ಹೋದಾಗ ಬೆರಳು ಬಿಚ್ಚಿಕೊಳ್ಳಬೇಕು, ಕೋಲು ಪಟ್ಟಿಯಲ್ಲಿ ನೇತಾಡುತ್ತ ತಾನೇ ಮುಂದೆ ಬರಬೇಕು. ಮುಷ್ಟಿ ಬಿಗಿ ಹಿಡಿದು ಊರುಗೋಲಿನಂತೆ ಕುಟ್ಟುತ್ತ ಹೋದರೆ ಮೊಣಕೈ ನೋವು ಖಂಡಿತ, ಪ್ರಯೋಜನ ಅಲ್ಪ.

ಕೋಲು ಹಿಡಿದು ಏರು ಹತ್ತುವುದು ಸರಿಯಾಗಿ ಹೇಗೆ?

ಇದೊಂದನ್ನು ಚೆನ್ನಾಗಿ ಕಲಿತರೆ ಒಣನೆಲದ ತಾಲೀಮಿನ ಅರ್ಧ ಕೆಲಸ ಮುಗಿಯಿತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಮೊದಲು ನಡಿಗೆ. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ. ಎಲ್ಲರೂ ನಡೆಯುವುದೇ ಹಾಗೆ, ಆದರೆ ಕೈಗೆ ಕೋಲು ಬಂದ ಕೂಡಲೇ ಅರ್ಧ ಜನಕ್ಕೆ ತಾಳ ತಪ್ಪುತ್ತದೆ. ಆಗ ಕೋಲನ್ನು ನಡುವೆ ಹಿಡಿದು ಸುಮ್ಮನೆ ಕೈ ಬೀಸಿ ನಡೆಯಿರಿ, ಹತ್ತಿಪ್ಪತ್ತು ಹೆಜ್ಜೆಯಲ್ಲಿ ಸರಿಹೋಗುತ್ತದೆ. ಕೋಲಿನ ತುದಿ ಪಾದಕ್ಕಿಂತ ಮುಂದೆ ಬೀಳಬಾರದು. ಪಾದದ ಪಕ್ಕದಲ್ಲಿ ಇಲ್ಲವೇ ತುಸು ಹಿಂದೆ, ಓರೆಯಾಗಿ ಊರಬೇಕು. ಮುಂದೆ ಊರಿದರೆ ಅದೇ ನಿಮಗೆ ಅಡ್ಡಗಾಲು.

ದೇಹ ಕಣಕಾಲಿನಿಂದ ಮುಂದಕ್ಕೆ ಬಾಗಲಿ, ಸೊಂಟದಿಂದ ಅಲ್ಲ. ಏರು ಕಂಡಾಗ ಪೃಷ್ಠ ಹಿಂದೆ ಬಿಟ್ಟು ತಲೆ ತಗ್ಗಿಸುವುದು ಎಲ್ಲರ ಅಭ್ಯಾಸ. ಹಿಮದಲ್ಲಿ ಹಾಗೆ ಮಾಡಿದರೆ ಭಾರ ಹಿಂದಕ್ಕೆ ಬಿದ್ದು ಸ್ಕೀ ಹಿಡಿತ ಬಿಟ್ಟು ಹಿಂದೆ ಜಾರುತ್ತದೆ. ಕ್ಲಾಸಿಕ್ ಸ್ಕೀಯ ನಡುಭಾಗ ಬಿಲ್ಲಿನಂತೆ ಮೇಲೆ ಬಾಗಿರುತ್ತದೆ. ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬಿದ್ದಾಗ ಮಾತ್ರ ಆ ನಡುಭಾಗ ಹಿಮಕ್ಕೆ ಒತ್ತಿಕೊಂಡು ಹಿಡಿತ ಸಿಗುತ್ತದೆ. ಏರಿನಲ್ಲಿ ನೀವು ರೂಢಿ ಮಾಡಿಕೊಳ್ಳಬೇಕಾದದ್ದು ಇದನ್ನೇ: ಪ್ರತಿ ಹೆಜ್ಜೆಗೂ ಭಾರ ಸಂಪೂರ್ಣವಾಗಿ ಒಂದು ಕಾಲಿಗೆ ವರ್ಗವಾಗುವುದು.

ನಡಿಗೆ ಕೈಗೂಡಿದ ಮೇಲೆ ಜಿಗಿತ. ಒಂದು ಕಾಲಿನಿಂದ ಚಿಮ್ಮಿ, ಕ್ಷಣಹೊತ್ತು ಗಾಳಿಯಲ್ಲಿದ್ದು, ಇನ್ನೊಂದು ಕಾಲಿನ ಮೇಲೆ ಮೆತ್ತಗೆ ಇಳಿಯುವುದು. ಎತ್ತರಕ್ಕಿಂತ ಮುಂದಕ್ಕೆ ಹಾರಿ. ಇಳಿದ ಸದ್ದು ದಪ್ಪೆಂದು ಕೇಳಿದರೆ ಆ ದಿನಕ್ಕೆ ಸಾಕು, ಕಾಲು ದಣಿದಿದೆ. ಜಿಗಿತ ವಾರಕ್ಕೊಮ್ಮೆ ಮಾತ್ರ, ಇಳಿಯುವಾಗ ಯಾವಾಗಲೂ ನಡೆದುಕೊಂಡೇ ಇಳಿಯಿರಿ. ಮಂಡಿ ಹಾಳಾಗುವುದು ಹೆಚ್ಚಾಗಿ ಇಳಿಯುವಾಗ.

ರೋಲರ್ ಸ್ಕೀ ಕೊಳ್ಳಬೇಕೇ?

ಒಮ್ಮೆಯೂ ಹಿಮ ಮೆಟ್ಟದವರು ಬೇಡ. ಎರಡನೆಯ ಚಳಿಗಾಲದ ನಂತರವೂ ಹುಚ್ಚು ಇಳಿಯದಿದ್ದರೆ ಯೋಚಿಸಿ. ಹೊರದೇಶದಿಂದ ತರಿಸಬೇಕು, ಸುಂಕ ಕಟ್ಟಬೇಕು, ಜೊತೆಗೆ ಸ್ಕೀ ಬೂಟು, ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್, ಗಟ್ಟಿ ಲೋಹದ ಮೊನೆಯಿರುವ ಕೋಲು ಬೇಕು. ಆ ದುಡ್ಡಿನಲ್ಲಿ ಹಿಮದ ಮೇಲೆ ಇನ್ನಷ್ಟು ದಿನ ಕಳೆಯಬಹುದು.

ಕೊಂಡವರಿಗೆ ಎರಡು ಮಾತು. ಕ್ಲಾಸಿಕ್ ರೋಲರ್ ಸ್ಕೀಯ ಗಾಲಿ ಮುಂದಕ್ಕೆ ಮಾತ್ರ ತಿರುಗುತ್ತದೆ, ಹಿಂದಕ್ಕೆ ತಿರುಗದಂತೆ ಒಳಗೆ ತಡೆ ಇದೆ. ಹಾಗಾಗಿ ಕಾಲನ್ನು ಹೇಗೆ ಒದ್ದರೂ, ಎಷ್ಟು ತಡವಾಗಿ ಒದ್ದರೂ ಅದು ಜಾರುವುದಿಲ್ಲ. ಹಿಮ ಇಷ್ಟು ಉದಾರಿಯಲ್ಲ. ಬೇಸಿಗೆಯಿಡೀ ಇದರ ಮೇಲೆ ಕಾಲು ಹಿಂದಕ್ಕೆ ಎಳೆದೆಳೆದು ಒದೆಯುವ ಚಟ ಬೆಳೆಸಿಕೊಂಡವರು ಗುಲ್ಮಾರ್ಗ್‌ನಲ್ಲಿ ನಿಂತಲ್ಲೇ ಕಾಲು ಉಜ್ಜುತ್ತಾರೆ. ಆದ್ದರಿಂದ ರೋಲರ್ ಸ್ಕೀ ಮೇಲೆ ಎರಡೂ ಕೋಲು ಒಟ್ಟಿಗೆ ಊರಿ ತಳ್ಳುವ ಡಬಲ್ ಪೋಲಿಂಗ್ ಹೆಚ್ಚು ಮಾಡಿ, ಒದೆತವನ್ನು ಏರಿನ ನಡಿಗೆಯಲ್ಲಿ ಕಲಿಯಿರಿ.

ಎರಡನೆಯದು, ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇಲ್ಲ. ಹೆಲ್ಮೆಟ್, ಕೈಗವಸು, ಎದ್ದು ಕಾಣುವ ಬಣ್ಣದ ಅಂಗಿ ಕಡ್ಡಾಯ. ಇಳಿಜಾರಿನ ಕೊನೆ ಕಣ್ಣಿಗೆ ಕಾಣದಿದ್ದರೆ ಸ್ಕೀ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಿರಿ. ನಮ್ಮ ಊರಿನ ಹಲವು ರಸ್ತೆಗಳು ಈಗ ಸಿಸಿ ರಸ್ತೆಗಳಾಗಿವೆ. ಕಾಂಕ್ರೀಟಿನ ಮೇಲೆ ಕೋಲಿನ ಮೊನೆ ಕಚ್ಚುವುದಿಲ್ಲ, ಟಣ್ ಎಂದು ಪುಟಿದು ಮೊಣಕೈಗೆ ಹೊಡೆಯುತ್ತದೆ. ನುಣುಪಾದ ಡಾಂಬರು ರಸ್ತೆ ಹುಡುಕಿ, ಮೊನೆಯನ್ನು ಆಗಾಗ ಮಸೆಯಿರಿ.

ಚಿಗರಿ ಬಸ್ಸಿನ ದಾರಿ ನುಣುಪಾಗಿದೆ, ನಸುಕಿನಲ್ಲಿ ಖಾಲಿಯೂ ಇರುತ್ತದೆ. ಅಲ್ಲಿ ರೋಲರ್ ಸ್ಕೀ ಓಡಿಸಬಹುದೇ?

ಬೇಡ. ಅದು ಬಸ್ಸಿಗೆ ಮೀಸಲಾದ ದಾರಿ, ಮತ್ತು ಖಾಲಿ ಎಂದು ನಂಬಿದಾಗಲೇ ಬಸ್ಸು ಬರುತ್ತದೆ.

ಮಗಳು ಸ್ಕೇಟಿಂಗ್ ತರಗತಿಗೆ ಹೋಗುತ್ತಾಳೆ. ಅದು ಉಪಯೋಗವಾಗುತ್ತದೆಯೇ?

ಬಹಳ. ಒಂದೇ ಸಾಲಿನಲ್ಲಿ ಗಾಲಿಗಳಿರುವ ಇನ್‌ಲೈನ್ ಸ್ಕೇಟ್ ಮೇಲೆ ಒಂದು ಕಾಲಿನಲ್ಲಿ ಉದ್ದಕ್ಕೆ ಸಾಗುವುದು ರೂಢಿಯಾದ ಮಕ್ಕಳು ಹಿಮದ ಮೇಲೆ ಸ್ಕೇಟ್ ಶೈಲಿಯನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಹನ್ನೆರಡು ವರ್ಷದೊಳಗಿನವರಿಗೆ ಆಟ, ಓಟ, ಸ್ಕೇಟಿಂಗ್, ಮರ ಹತ್ತುವುದು ಸಾಕು; ಹೃದಯ ಬಡಿತದ ಗಡಿಯಾರ ಕಟ್ಟಿ ಕಾಡಬೇಡಿ.

ಗರಡಿ ಮನೆಯ ದಂಡ, ಬೈಠಕ್ ಸಾಕೇ? ಜಿಮ್ ಬೇಕೇ?

ಗರಡಿ ಮನೆ ಜಿಮ್‌ಗಿಂತ ಒಂದು ಕೈ ಮೇಲು ಎಂಬುದು ನಮ್ಮ ಪಕ್ಷಪಾತ. ಕಾರಣವೂ ಇದೆ. ಕೋಲನ್ನು ತಳ್ಳುವಾಗ ತೋಳಿನ ಹಿಂಭಾಗ, ಬೆನ್ನಿನ ಎರಡು ಪಕ್ಕೆ, ಹೊಟ್ಟೆ ಒಟ್ಟಿಗೆ ದುಡಿಯಬೇಕು. ದಂಡ ಹೊಡೆಯುವಾಗ ನಡೆಯುವುದೂ ಹೆಚ್ಚುಕಡಿಮೆ ಅದೇ. ಗದೆ ತಿರುಗಿಸುವುದರಿಂದ ಭುಜ ಸಡಿಲವಾಗಿಯೂ ಗಟ್ಟಿಯಾಗಿಯೂ ಉಳಿಯುತ್ತದೆ. ಮಲ್ಲಕಂಬ ಮಾಡಿದ ಹುಡುಗರ ಹಿಡಿತ, ಹೊಟ್ಟೆಯ ಬಿಗಿ ನೋಡಿದರೆ ಅಸೂಯೆಯಾಗುತ್ತದೆ; ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆಯವರಾದರೆ ಆ ವಿದ್ಯೆ ಬಲ್ಲವರು ನಿಮಗೆ ಹತ್ತಿರದಲ್ಲೇ ಸಿಗಬಹುದು.

ಒಂದು ಎಚ್ಚರಿಕೆ. ಪೈಲ್ವಾನರಂತೆ ಸಾವಿರ ಬೈಠಕ್ ನಮಗೆ ಬೇಡ, ಅವರ ತೂಕವೂ ಬೇಡ. ಏರಿನಲ್ಲಿ ಹೊರಬೇಕಾದದ್ದು ನಿಮ್ಮದೇ ಮೈ. ಎರಡು ಕಾಲಿನ ಬೈಠಕ್ ಕಡಿಮೆ ಮಾಡಿ, ಕುರ್ಚಿ ಎತ್ತರದ ಕಟ್ಟೆಯನ್ನು ಒಂದೊಂದೇ ಕಾಲಿನಲ್ಲಿ ಹತ್ತಿಳಿಯುವುದನ್ನು ಹೆಚ್ಚಿಸಿ. ಸ್ಕೀ ಮೇಲೆ ಎರಡು ಕಾಲಿನಲ್ಲಿ ಸಮನಾಗಿ ನಿಲ್ಲುವ ಹೊತ್ತು ಬಹಳ ಕಡಿಮೆ.

ಮನೆಯೊಳಗೇ ಮಾಡುವಂಥದ್ದು ಏನಿದೆ?

ಮೂರು ಇವೆ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ತಲೆಗಿಂತ ಎತ್ತರದ ಕಿಟಕಿ ಸರಳಿಗೆ ಕಟ್ಟಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ಡಬಲ್ ಪೋಲಿಂಗ್ ಮಾಡಿ. ಮೊಣಕೈ ಮಡಚಿಯೇ ಇರಲಿ, ಎಳೆತ ಹೊಟ್ಟೆಯಿಂದ ಆರಂಭವಾಗಲಿ, ಕೈ ತೊಡೆ ದಾಟಿದ ಮೇಲೆ ಬಿಡುವಾಗಲಿ. ಗಂಟು ಬಿಚ್ಚಿದರೆ ಟ್ಯೂಬು ನೇರ ಮುಖಕ್ಕೇ ಬರುತ್ತದೆ, ಪ್ರತಿಸಲ ಎಳೆದು ಪರೀಕ್ಷಿಸಿ.

ಎರಡನೆಯದು, ನಮ್ಮ ಕಡೆಯ ಮನೆಗಳಲ್ಲಿ ಸವೆದು ನುಣುಪಾದ ಶಹಾಬಾದ ಕಲ್ಲಿನ ನೆಲವಿದ್ದರೆ ಉಣ್ಣೆಯ ಕಾಲುಚೀಲ ಹಾಕಿ ಅದರ ಮೇಲೆ ಒಂದು ಪಕ್ಕದಿಂದ ಇನ್ನೊಂದಕ್ಕೆ ಜಾರುವುದು. ನೆಲ ಒರಟಾಗಿದ್ದರೆ ಒಂದು ಸನ್ಮೈಕಾ ಹಾಳೆ ತಂದು, ಎರಡು ಬದಿಗೆ ಮರದ ಪಟ್ಟಿ ಹೊಡೆಸಿ. ಜಾರಿ ನಿಂತಾಗ ಮೂಗು, ಮಂಡಿ, ಹೆಬ್ಬೆರಳು ಒಂದೇ ಗೆರೆಯಲ್ಲಿರಬೇಕು. ಮೂರನೆಯದು ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುವುದು. ಸುಲಭವೆನಿಸಿದರೆ ಕಣ್ಣು ಮುಚ್ಚಿ.

ಮಳೆಗಾಲದಲ್ಲಿ ಏನು ಮಾಡುವುದು?

ಧಾರವಾಡದ ಜಿಟಿಜಿಟಿ ಮಳೆ ಓಟಕ್ಕೆ ಅಡ್ಡಿಯಲ್ಲ, ಎರೆಮಣ್ಣು ಅಡ್ಡಿ. ಒಮ್ಮೆ ನೆನೆದ ಎರೆ ಹೊಲದ ಬದುವಿಗೆ ಕಾಲಿಟ್ಟರೆ ಪ್ರತಿ ಬೂಟಿಗೂ ಒಂದೊಂದು ಸೇರು ಮಣ್ಣು ಅಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗರಸಿನ ಹಾದಿ, ಡಾಂಬರು, ಮೆಟ್ಟಿಲು ಹಿಡಿಯಿರಿ. ಒದ್ದೆ ರಸ್ತೆಯಲ್ಲಿ ರೋಲರ್ ಸ್ಕೀ ಬೇಡವೇ ಬೇಡ. ಮಿಂಚು ಗುಡುಗು ಇದ್ದಾಗ ಗುಡ್ಡದ ಮೇಲೆ ಉದ್ದನೆಯ ಕೋಲು ಹಿಡಿದು ನಿಲ್ಲಬಾರದೆಂದು ಬೇರೆ ಹೇಳಬೇಕಿಲ್ಲ.

ಏಪ್ರಿಲ್, ಮೇ ಬಿಸಿಲಿನಲ್ಲಿ?

ಬೆಳಿಗ್ಗೆ ಏಳೂವರೆಗೆ ಮುಗಿಸಿಬಿಡಿ. ಬಿಸಿಲಿನಲ್ಲಿ ಅದೇ ವೇಗಕ್ಕೆ ಬಡಿತ ಹೆಚ್ಚಿರುತ್ತದೆ, ಆದ್ದರಿಂದ ವೇಗ ನೋಡದೆ ಬಡಿತ ನೋಡಿ.

ಊಟ ಹೇಗಿರಬೇಕು? ಪ್ರೋಟೀನ್ ಡಬ್ಬಿ ತರಬೇಕೇ?

ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು: ಇದಿಷ್ಟು ಸರಿಯಾಗಿ ಹೊಟ್ಟೆ ತುಂಬ ತಿಂದರೆ ಡಬ್ಬಿಯ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ. ನಾವು ಕಾಣುವ ಕೊರತೆ ಬೇರೆ. ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ದುಡಿದು, ಚಹಾ ಕುಡಿದು, ಹತ್ತು ಗಂಟೆಗೆ ಕಚೇರಿಯ ಹತ್ತಿರ ಮಿರ್ಚಿ ಭಜಿ ತಿನ್ನುವವರು. ತೊಂಬತ್ತು ನಿಮಿಷ ಮೀರುವ ತಾಲೀಮಿನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆಯ ಅಂಶ ಒಳಗೆ ಹೋಗಬೇಕು. ಒಂದು ಬಾಳೆಹಣ್ಣು ಮತ್ತು ಒಂದು ತುಂಡು ಶೇಂಗಾ ಚಿಕ್ಕಿ ಅಲ್ಲಿಗೆ ಹತ್ತಿರ ಬರುತ್ತವೆ. ಪೇಢೆ ನಮ್ಮ ಹೆಮ್ಮೆ, ಆದರೆ ಏರಿನ ನಡುವೆ ಬಾಯಿ ಒಣಗಿಸುತ್ತದೆ. ಮನೆಗೆ ಬಂದು ತಿನ್ನಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಹೆಣ್ಣುಮಕ್ಕಳು ಮತ್ತು ಸಸ್ಯಾಹಾರಿಗಳು ಹಿಮಕ್ಕೆ ಹೊರಡುವ ಎರಡು ಮೂರು ತಿಂಗಳ ಮೊದಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎತ್ತರದ ಜಾಗದಲ್ಲಿ ರಕ್ತ ಕಡಿಮೆಯಿದ್ದರೆ ಯಾವ ತಾಲೀಮೂ ಕೈಹಿಡಿಯುವುದಿಲ್ಲ, ಮತ್ತು ಕೊರತೆ ತುಂಬಲು ವಾರಗಳೇ ಬೇಕು.

ನನಗೆ ಐವತ್ತೆರಡು. ತಡವಾಯಿತೇ?

ಇಲ್ಲ. ಕಾಲನ್ನು ನೆಲಕ್ಕೆ ಕುಟ್ಟದೆ ಮುಂದೆ ಸಾಗುವ ಆಟ ಇದು, ಓಟಕ್ಕಿಂತ ಕೀಲುಗಳಿಗೆ ಸೌಮ್ಯ. ಸ್ವೀಡನ್‌ನಲ್ಲಿ 1922ರಿಂದ ನಡೆದು ಬಂದಿರುವ 90 ಕಿಲೋಮೀಟರಿನ ಸ್ಕೀ ಸ್ಪರ್ಧೆ ವಾಸಲೋಪೆಟ್‌ನಲ್ಲಿ ನಿಮ್ಮ ವಯಸ್ಸಿನವರು, ನಿಮಗಿಂತ ಹಿರಿಯರು ದಂಡಿಯಾಗಿ ಭಾಗವಹಿಸುತ್ತಾರೆ. ಜಿಗಿತ ಬಿಟ್ಟು ಕೋಲಿನ ನಡಿಗೆ ಮಾಡಿ. ರಕ್ತದೊತ್ತಡ, ಸಕ್ಕರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಿ. ಎತ್ತರದ ಪ್ರದೇಶಕ್ಕೆ ಹೋಗುತ್ತಿರುವುದನ್ನೂ ಅವರಿಗೆ ತಿಳಿಸಿ.

ಕೋಲು ಹಿಡಿದು ಹಾರುತ್ತ ಹೋದರೆ ಜನ ನಗುತ್ತಾರೆ. ನಾಯಿಗಳು ಬೆನ್ನು ಹತ್ತುತ್ತವೆ.

ಜನ ಒಂದು ವಾರ ನಗುತ್ತಾರೆ, ಎರಡನೆಯ ವಾರ ಕಾರಣ ಕೇಳುತ್ತಾರೆ, ಮೂರನೆಯ ವಾರ ತಮ್ಮ ಮಂಡಿನೋವಿಗೆ ಇದು ಆಗುತ್ತದೆಯೇ ಎಂದು ವಿಚಾರಿಸುತ್ತಾರೆ. ನಾಯಿಗಳ ವಿಷಯ ನಗುವಂಥದ್ದಲ್ಲ. ಓಡಬೇಡಿ, ಕೋಲು ಎತ್ತಿ ಬೀಸಬೇಡಿ. ನಿಂತು, ಎರಡೂ ಕೋಲುಗಳನ್ನು ಕೆಳಮುಖವಾಗಿ ನಿಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದಿಗೆ ಹೋಗಿ.

ಗುಲ್ಮಾರ್ಗ್ ತಲುಪಿದ ಮೊದಲ ದಿನವೇ ಸ್ಕೀ ಕಟ್ಟಬಹುದೇ?

ಕಟ್ಟಬಹುದು, ಆದರೆ ಆಟವಾಡಿದಷ್ಟೇ. ನಾವು ಬದುಕುವುದು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್ ಇರುವುದು 2,650 ಮೀಟರ್ ಆಸುಪಾಸಿನಲ್ಲಿ. ಉಣಕಲ್‌ನಲ್ಲಿ ಹಾಡು ಹೇಳುತ್ತ ಓಡುತ್ತಿದ್ದವರು ಅಲ್ಲಿ ಮೆಟ್ಟಿಲು ಹತ್ತಿ ನಿಂತುಕೊಳ್ಳುತ್ತಾರೆ. ಮೊದಲ ಎರಡು ಮೂರು ದಿನ ಮೊದಲ ಹಂತದ ಬಡಿತ ಮೀರಬೇಡಿ, ನೀರು ಹೆಚ್ಚು ಕುಡಿಯಿರಿ. ತಲೆನೋವು ಜೋರಾಗಿ ವಾಂತಿಯೂ ಬಂದರೆ ಕೆಳಗಿಳಿಯಬೇಕು, ಮಾತ್ರೆ ನುಂಗಿ ಮಲಗುವುದಲ್ಲ.

ಬಟ್ಟೆಯ ವಿಷಯದಲ್ಲಿ ಹೊಸಬರು ತೀರಾ ಹೆದರುತ್ತಾರೆ. ಹತ್ತು ನಿಮಿಷ ಸ್ಕೀ ಮಾಡಿದರೆ ಬೆವರು ಹರಿಯುತ್ತದೆ. ಒಳಗೆ ಹತ್ತಿಯ ಬನಿಯನ್ ಹಾಕಿದರೆ ಅದು ಒದ್ದೆಯಾಗಿ, ನಿಂತ ಕೂಡಲೇ ಮೈ ನಡುಗಿಸುತ್ತದೆ. ಉಣ್ಣೆಯದೋ ಕ್ರೀಡಾ ಬಟ್ಟೆಯದೋ ತೆಳು ಅಂಗಿ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ನಿಂತಾಗ ಹಾಕಿಕೊಳ್ಳಲು ಚೀಲದಲ್ಲಿ ಒಂದು ದಪ್ಪ ಕೋಟು. ಸ್ಕೀ, ಬೂಟು ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ. ಆದರೆ ಅಂಗಡಿಯವರು ಆಲ್ಪೈನ್ ಸ್ಕೀ ಕೊಡುವುದು ರೂಢಿ, ಹಿಮ್ಮಡಿ ಬಿಡುವಾಗಿರುವ ಕ್ರಾಸ್ ಕಂಟ್ರಿ ಸ್ಕೀ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ಖಚಿತಪಡಿಸಿಕೊಳ್ಳಿ.

ಟಿಕೆಟ್ ಆಗಿದೆ, ರಜೆ ಸಿಕ್ಕಿದೆ. ಹಿಮ ಮಾತ್ರ ಬಿದ್ದಿಲ್ಲ. ಏನು ಮಾಡುವುದು?

ಇದು ಈಗ ಅಪರೂಪದ ಸಂಕಟವಲ್ಲ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟದ ಹಿಮದ ಸ್ಪರ್ಧೆಗಳನ್ನು ಹಿಮವಿಲ್ಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಬೇಕಾಯಿತು. ರಾಷ್ಟ್ರಮಟ್ಟದ ಕೂಟಕ್ಕೇ ಹೀಗಾದರೆ ನಮ್ಮ ರಜೆಯ ಪಾಡೇನು! ಆದ್ದರಿಂದ ಜನವರಿ ಮೊದಲ ವಾರದ ಆಸೆ ಬಿಟ್ಟು ಫೆಬ್ರವರಿಯ ದಿನಾಂಕ ಇಟ್ಟುಕೊಳ್ಳಿ. ಹೋಟೆಲಿನವರೊಡನೆ ದಿನ ಬದಲಿಸುವ ಮಾತನ್ನು ಮುಂಗಡ ಕೊಡುವಾಗಲೇ ಆಡಿ.

ಒಂದು ವಾರದ ಮಟ್ಟಿಗೆ ಮುಂದೂಡಿದರೆ ಆ ವಾರ ದಿಗಿಲುಬಿದ್ದು ತಾಲೀಮು ಇಮ್ಮಡಿಸಬೇಡಿ. ಹೊರಡುವ ಮುನ್ನ ಒಟ್ಟು ಹೊತ್ತನ್ನು ಅರ್ಧಕ್ಕೆ ಇಳಿಸಿ, ಗಟ್ಟಿ ತಾಲೀಮು ಒಂದನ್ನು ಮಾತ್ರ ಉಳಿಸಿಕೊಳ್ಳಿ, ನಿದ್ದೆ ಮಾಡಿ. ಅಲ್ಲಿಗೆ ತಲುಪಿದ ಮೇಲೆ ಹಿಮ ಇಲ್ಲದಿದ್ದರೂ ಕೋಲು ಜೊತೆಯಲ್ಲಿದ್ದರೆ ದಿನ ವ್ಯರ್ಥವಾಗುವುದಿಲ್ಲ. ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಹತ್ತುವ ಸುಮಾರು 13 ಕಿಲೋಮೀಟರ್ ರಸ್ತೆ ದೇವದಾರು ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಇಲ್ಲಿ ಕಲಿತ ಕೋಲಿನ ನಡಿಗೆಯನ್ನು ಅಲ್ಲಿ ಮೊದಲ ಹಂತದ ಬಡಿತದಲ್ಲಿ ಮಾಡಿ, ರಸ್ತೆಯ ಅಂಚಿನಲ್ಲೇ ಇರಿ, ವಾಪಸು ಜೀಪಿನಲ್ಲಿ ಇಳಿಯಿರಿ. ಬಿದಿರಿನ ಕೋಲನ್ನು ವಿಮಾನದ ಒಳಗೆ ಬಿಡುವುದಿಲ್ಲ. ಹಳೆಯ ಚಾದರದಲ್ಲಿ ಸುತ್ತಿ ಸಾಮಾನಿನ ಜೊತೆ ಹಾಕಿ.